ಹುತಾತ್ಮ ಮೈಲಾರ ಮಹಾದೇವಪ್ಪನವರು

ತಾನು ಕಂಡ ಬೆಳಕನ್ನು ತನ್ನವರಿಗೆ ಹಂಚಿದಾಗಲೇ ಅರಿವು ಸಾರ್ಥಕವಾಗುವುದು. ಅಂತಹ ಸಾರ್ಥಕ ಬಾಳನ್ನು ಬಾಳಿದವರು ಮೈಲಾರ ಮಹಾದೇವಪ್ಪನವರು.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಮಾರ್ತಾಂಡಪ್ಪ–ಬಸಮ್ಮ ದಂಪತಿಗಳ ಸುಪುತ್ರರಾಗಿ ಜನಿಸಿದ ಅವರು, ಎಳೆಹರೆಯದಲ್ಲಿಯೇ ಖಾದಿಗೆ ಮನಸೋತು ಸಾಬರಮತಿ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ಅವರ ವಯಸ್ಸು 18.

ಕೈಯಲ್ಲಿ ಚರಕ, ಬೆಳಗು ಬೈಗುಗಳಲ್ಲಿ ಪ್ರಾರ್ಥನೆಯ ಭಜನೆ, ಮೇಲುಕೀಳನ್ನೆಣಿಸದ ದುಡಿಮೆ, ದಾಸ್ಯಕ್ಕೆ ತಲೆಬಾಗದ ಧೈರ್ಯ: ಇವು ಅವರು ಆಶ್ರಮದಲ್ಲಿ ಕಂಡುಕೊಂಡ ಸಂಪತ್ತು. ಅದನ್ನು ತಮ್ಮೊಬ್ಬರಿಗೇ ಬಚ್ಚಿಟ್ಟುಕೊಳ್ಳದೆ ತಾಯ್ನೆಲಕ್ಕೆ ಮರಳಿ, ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿ, ಹಳ್ಳಿಗರಿಗೆ ಖಾದಿಯ ಹಾಗೂ ಸ್ವಾವಲಂಬನೆಯ ಪಾಠವನ್ನು ಕಲಿಸಿದರು. ಪತ್ನಿ ಸಿದ್ದಮ್ಮನವರೂ ಪತಿಯ ಹಾದಿಯಲ್ಲಿಯೇ ನಡೆದು ಸೆರೆಮನೆ ಕಂಡ ವೀರಮಹಿಳೆ.

1942ರ ಚಲೇಜಾವ್ ಚಳವಳಿಯಲ್ಲಿ ಮಹಾದೇವಪ್ಪನವರು ಈ ಸೀಮೆಯ ತರುಣರಿಗೆ ಮುಂದಾಳಾದರು. ರೈತರಿಂದ ವಸೂಲಾದ ಕಂದಾಯದ ಹಣವು ಹೊಸರಿತ್ತಿಯ ವೀರಭದ್ರ ದೇವಾಲಯದಲ್ಲಿ ಪೊಲೀಸರ ಕಾವಲಿನಲ್ಲಿತ್ತು. ಅದನ್ನು ಪರಕೀಯ ಸರ್ಕಾರದ ಕೈಸೇರದಂತೆ ವಶಪಡಿಸಿಕೊಳ್ಳಲು 1943ರ ಏಪ್ರಿಲ್ 1ರಂದು ಸಂಗಡಿಗರೊಡನೆ ಅವರು ನುಗ್ಗಿದರು. ಪೊಲೀಸರ ಗುಂಡಿಗೆ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರು, ವೀರಯ್ಯ ಹಿರೇಮಠರು ಮೂವರೂ ಬಲಿಯಾದರು. ಮಹಾದೇವಪ್ಪನವರಿಗೆ ಆಗಿನ್ನೂ 31 ವರ್ಷ.

ವಿದ್ಯೆಯನ್ನು ಗಳಿಸಿ ಊರನ್ನು ಮರೆಯುವವರುಂಟು. ಗಳಿಸಿದುದೆಲ್ಲವನ್ನೂ ಊರಿಗಿತ್ತು, ಕೊನೆಗೆ ಪ್ರಾಣವನ್ನೂ ಅರ್ಪಿಸಿದ ಈ ಧೀರನ ಚರಿತ್ರೆ ಹೊಸರಿತ್ತಿಯ ಮಕ್ಕಳಿಗೆ ನಿತ್ಯಪಾಠವಾಗಲಿ.