ಟೆಸ್ಲಾ ಮೋಟಾರು ತಿರುಗಿದ್ದು ಒಬ್ಬರಿಂದಲ್ಲ

ನಿಕೊಲಾ ಟೆಸ್ಲಾ ಅಂದ್ರೆ ಏಕಾಂಗಿ ಜೀನಿಯಸ್ ಅಂತ ನಾವೆಲ್ಲ ಓದಿದ್ದೇವೆ. ಅದು ಅರ್ಧ ಕತೆ ಮಾತ್ರ.

1856ರಲ್ಲಿ ಇಂದಿನ ಕ್ರೊಯೇಷಿಯಾದಲ್ಲಿ ಹುಟ್ಟಿದ ಟೆಸ್ಲಾ, ಗ್ರಾಜ್‌ನಲ್ಲಿ ಓದುವಾಗ ಮೋಟಾರಿನ ಬ್ರಷ್‌ಗಳು ಕಿಡಿ ಕಾರುವುದನ್ನು ನೋಡಿದರು. ಬ್ರಷ್ಷೇ ಇಲ್ಲದೆ ಓಡಿಸಬೇಕೆಂಬ ಹಟ ಅಲ್ಲಿ ಹುಟ್ಟಿತು. ಆಗಲ್ಲ ಅಂತ ಪ್ರೊಫೆಸರ್ ಹೇಳಿದರೂ ಬಿಡಲಿಲ್ಲ. 1888ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ವೆಸ್ಟಿಂಗ್‌ಹೌಸ್ ಕಂಪನಿ ಅದರ ಹಕ್ಕು ಪಡೆಯಿತು.

ಆದರೆ ಕಂಪನಿಯ ಕರೆಂಟು ಸೆಕೆಂಡಿಗೆ ಸುಮಾರು 133 ಸೈಕಲ್‌ನದ್ದು. ಈ ಮೋಟಾರಿಗೆ ಅದು ಹೊಂದಲಿಲ್ಲ. ಟೆಸ್ಲಾ ಪಿಟ್ಸ್‌ಬರ್ಗ್‌ಗೆ ಹೋಗಿ, ಸುಮಾರು ವರ್ಷದೊಳಗೆ ವಾಪಸಾದರು. ಚಾರ್ಲ್ಸ್ ಸ್ಕಾಟ್, ಬೆಂಜಮಿನ್ ಲ್ಯಾಮ್‌ರಂಥ ಎಂಜಿನಿಯರುಗಳು ಆಮೇಲೂ ವರ್ಷಗಟ್ಟಲೆ ತಿದ್ದಿದರು. ಕಂಪನಿಯೂ 60 ಸೈಕಲ್‌ಗೆ ಇಳಿಯಿತು. ಆಮೇಲಷ್ಟೇ ಮೋಟಾರು ಕಾರ್ಖಾನೆಗಳಿಗೆ ಹೊಕ್ಕಿತು.

ಇವತ್ತಿನ ಕಾಳಗದ ರೋಬೋಗಳಲ್ಲೂ ಇದೇ ಪಾಠ. ಸ್ಪೀಡ್ ಕಂಟ್ರೋಲರ್ ಬ್ಯಾಟರಿಯ ಕರೆಂಟನ್ನು ಮೂರು ತಂತಿಗಳಿಗೆ ಸರದಿಯಲ್ಲಿ ಹಂಚಿ, ಟೆಸ್ಲಾ ನೆಚ್ಚಿದ ತಿರುಗುವ ಕಾಂತಕ್ಷೇತ್ರವನ್ನೇ ಬ್ರಷ್‌ಲೆಸ್ ಮೋಟಾರಿನೊಳಗೆ ಸೃಷ್ಟಿಸುತ್ತೆ. ವೋಲ್ಟೇಜು, ಮೋಟಾರು, ಕಂಟ್ರೋಲರ್ ಒಂದಕ್ಕೊಂದು ಹೊಂದದಿದ್ದರೆ ಎದುರಾಳಿ ಬೇಕಿಲ್ಲ, ತಾನೇ ಸುಟ್ಟುಹೋಗುತ್ತೆ.

1943ರಲ್ಲಿ ಟೆಸ್ಲಾ ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡರು. ಅವರ ಹೆಸರು ಕಾರಿನ ಮೇಲಿದೆ. ಸ್ಕಾಟ್, ಲ್ಯಾಮ್ ಯಾರಂತ ಕೇಳಿ ನೋಡಿ.