ಹೊಗೆಯಿಂದ ದುಡಿಮೆ ತೆಗೆದ ಆಲ್ಫ್ರೆಡ್ ಬ್ಯೂಶಿ

ನೀವು ದುಡ್ಡು ಕೊಟ್ಟು ತಂದ ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೊಗೆಕೊಳವೆಯಿಂದ ಹೊರಟುಹೋಗುತ್ತದೆ. ಈ ನಷ್ಟದಿಂದಲೇ ಲಾಭ ತೆಗೆಯಬಹುದೆಂದು ತೋರಿಸಿದವರು ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಶಿ.

ಬ್ಯೂಶಿಯವರು 1879ರಲ್ಲಿ ವಿಂಟರ್‌ಥೂರ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಲ್ಲಿಯ ಸುಲ್ಜರ್ ಯಂತ್ರ ಕಾರ್ಖಾನೆಯ ಹಿರಿಯ ಅಧಿಕಾರಿ. ಮಗ ಜ್ಯೂರಿಕ್ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1903ರಲ್ಲಿ ಇಂಜಿನಿಯರಾದರು. ಬೆಲ್ಜಿಯಂ ಮತ್ತು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದರು. 1905ರ ನವೆಂಬರಿನಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಗೆಯ ಶಕ್ತಿಯನ್ನು ಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಂದಿನ ಟರ್ಬೋಚಾರ್ಜರಿನ ಬೇರು ಅಲ್ಲಿದೆ.

ಅದರ ಕೆಲಸ ಹೀಗೆ. ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದ್ದರೆ ಹೆಚ್ಚು ಡೀಸೆಲ್ ಚೆನ್ನಾಗಿ ಉರಿಯುತ್ತದೆ. ಎಂಜಿನಿನ ಗಾತ್ರ ಅಷ್ಟೇ, ಬಲ ಮಾತ್ರ ಹೆಚ್ಚು.

ಆದರೆ ಫಲ ಬೇಗ ಕೈಗೆ ಬರಲಿಲ್ಲ. ಸುಲ್ಜರ್‌ಗೆ ಮರಳಿ ಅವರು ನಡೆಸಿದ ಮೊದಲ ಪ್ರಯೋಗಗಳು ಕೈಗೂಡಲಿಲ್ಲ. ಪೇಟೆಂಟ್ ಪಡೆದ 20 ವರ್ಷಗಳ ನಂತರ, 1925ರಲ್ಲಿ, ಗೆಲುವು ದೊರೆಯಿತು. ಹೇಗೆ ಗೊತ್ತೆ? ಸಿಲಿಂಡರುಗಳ ಹೊಗೆ ಒಂದಕ್ಕೊಂದು ಅಡ್ಡಿಯಾಗದಂತೆ ಬೇರೆ ಬೇರೆ ಕಿರಿದಾದ ಕೊಳವೆಗಳಲ್ಲಿ ಹರಿಸಿದರು. ಹೊಗೆಯ ವಾಲ್ವ್ ಮುಚ್ಚುವ ಮೊದಲೇ ಗಾಳಿಯ ವಾಲ್ವ್ ತೆರೆಯುವಂತೆ ಮಾಡಿ, ಉಳಿದ ಹೊಗೆಯನ್ನು ಹೊಸ ಗಾಳಿಯಿಂದ ಗುಡಿಸಿಹಾಕಿದರು. ಪ್ರೊಯ್ಸೆನ್, ಹಾನ್ಸೆಸ್ಟಾಡ್ ಡಾನ್ಸಿಗ್ ಎಂಬ ಜರ್ಮನ್ ಹಡಗುಗಳ ಎಂಜಿನುಗಳ ಬಲ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಬ್ಯೂಶಿಯವರು 1959ರಲ್ಲಿ ತೀರಿಕೊಂಡರು. ಟರ್ಬೋ ಇರುವ ಡೀಸೆಲ್ ಕಾರು ಮಾರುಕಟ್ಟೆಗೆ ಬಂದದ್ದು 1978ರಲ್ಲಿ.

ಹಳೆಯ ಡೀಸೆಲ್ ಕಾರಿಗೋ ಜೀಪಿಗೋ ದೊಡ್ಡ ಟರ್ಬೋ ಹಾಕಿಸಬೇಕೆಂದಿರುವವರು ಈ 20 ವರ್ಷಗಳನ್ನು ನೆನೆಯಬೇಕು. ಬ್ಯೂಶಿಯವರು ಚಕ್ರವನ್ನಷ್ಟೇ ನೋಡಲಿಲ್ಲ. ಕೊಳವೆ, ವಾಲ್ವ್ ಎಲ್ಲವನ್ನೂ ಅದಕ್ಕೆ ಹೊಂದಿಸಿದರು. ಬರಿಯ ಗಾಳಿ ಹೆಚ್ಚಿಸಿದರೆ ಬಲ ಬಾರದು, ಡೀಸೆಲ್ ಪಂಪಿನ ಅಳತೆಯೂ ಸರಿಯಾಗಬೇಕು. ಆಗ ಶಾಖ, ಒತ್ತಡ ಏರುತ್ತವೆ. ಸವೆದ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್, ಕ್ಲಚ್ ಅದನ್ನು ತಾಳಲಾರವು. ದೊಡ್ಡ ಚಕ್ರ ವೇಗ ಹಿಡಿಯುವುದೂ ತಡ. ಕೆಸರು ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಬೇಕಾದ ಬಲ ಸಿಗದೆ ಹೋಗಬಹುದು.

ಆದ್ದರಿಂದ ಮೊದಲು ಎಂಜಿನನ್ನು ನುರಿತ ಮೆಕ್ಯಾನಿಕ್‌ಗೆ ತೋರಿಸಿ, ಸಿಲಿಂಡರಿನ ಒತ್ತಡ ಅಳೆಸಿ. ಈಗಿರುವ ಟರ್ಬೋ ಬಾಳಬೇಕಾದರೆ ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ, ಏರ್ ಫಿಲ್ಟರನ್ನು ಸ್ವಚ್ಛವಾಗಿಡಿ. ಭಾರ ಎಳೆದು ಬಂದ ಎಂಜಿನನ್ನು ತಟ್ಟನೆ ನಿಲ್ಲಿಸದೆ, ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಿ. ಇದಕ್ಕೆ ತಗಲುವ ಖರ್ಚು ಅಲ್ಪ, ಉಳಿಯುವ ಹಣ ಬಹಳ.