ವಿಷವೈದ್ಯ ಕವಿ ಮಂಗರಾಜ

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಕನ್ನಡದ ಶಾಸ್ತ್ರಗ್ರಂಥಗಳ ವಿಚಾರವನ್ನು ಹೇಳುತ್ತಿದ್ದೆನು. ಮಂಗರಾಜನ ಹೆಸರು ಬಂದೊಡನೆ ಮುಂಡರಗಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತನು. ಶೇಂಗಾದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ತನ್ನ ಅಜ್ಜನಿಗೆ ಮಂಡಲದ ಹಾವು ಕಚ್ಚಿತೆಂದೂ, ಮಂತ್ರ ಹಾಕಿಸುವುದರಲ್ಲಿ ಇರುಳೆಲ್ಲ ಕಳೆದು ಬೆಳಗಿನ ಜಾವಕ್ಕೆ ಅಜ್ಜ ತೀರಿಕೊಂಡನೆಂದೂ ಹೇಳಿ, ಈ ಕವಿಯ ಪುಸ್ತಕವು ಮನೆಯಲ್ಲಿದ್ದಿದ್ದರೆ ಅಜ್ಜ ಉಳಿಯುತ್ತಿದ್ದನೇ ಎಂದು ಕೇಳಿದನು. ಅಂದು ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಮಂಗರಾಜನು ಹದಿನಾಲ್ಕನೆಯ ಶತಮಾನದ ಜೈನ ಕವಿ. ಕವಿಚರಿತೆಕಾರರು ಆತನ ಕಾಲವನ್ನು ಸುಮಾರು 1360 ಎಂದು ಎಣಿಸಿದ್ದಾರೆ. ಹೊಯ್ಸಳ ದೇಶದ ದೇವಳಿಗೆ ನಾಡಿನಲ್ಲಿದ್ದ ಮುಗುಳಿಪುರವು ಆತನ ಊರು. ಹೊಯ್ಸಳರ ಆಳ್ವಿಕೆ ಮುಗಿದು, 1336ರಲ್ಲಿ ತಲೆಯೆತ್ತಿದ ವಿಜಯನಗರವು ಬೇರೂರುತ್ತಿದ್ದ ಕಾಲವದು. ಅಂತಹ ಸಂಧಿಕಾಲದಲ್ಲಿ ಈ ಕವಿಯು ಅರಸರ ಯುದ್ಧಗಳನ್ನು ಹಾಡದೆ ವಿಷಚಿಕಿತ್ಸೆಯನ್ನು ಕಾವ್ಯವಸ್ತುವಾಗಿ ಆರಿಸಿಕೊಂಡನು. ಹಾಗೆ ಹುಟ್ಟಿದುದೇ ಖಗೇಂದ್ರಮಣಿದರ್ಪಣ. ಖಗೇಂದ್ರನೆಂದರೆ ಹಾವುಗಳ ಹಗೆಯಾದ ಗರುಡ. ಹೆಸರೇ ಗ್ರಂಥದ ಉದ್ದೇಶವನ್ನು ಸಾರುತ್ತದೆ.

ಹದಿನಾರು ಅಧಿಕಾರಗಳ ಈ ಗ್ರಂಥಕ್ಕೆ ಪೂಜ್ಯಪಾದರ ವೈದ್ಯವೇ ಆಧಾರ. ನಮ್ಮ ಲಕ್ಷ್ಮೇಶ್ವರದ, ಎಂದರೆ ಹಳೆಯ ಪುಲಿಗೆರೆಯ, ಶಂಖಬಸದಿಯ ಶಾಸನಗಳಲ್ಲಿಯೂ ಪೂಜ್ಯಪಾದರ ಹೆಸರು ಬರುತ್ತದೆ. ಗಿಡ, ಬೇರು, ಖನಿಜಗಳ ವಿಷವು ಸ್ಥಾವರ. ಪ್ರಾಣಿಗಳ ವಿಷವು ಜಂಗಮ. ಹಾವುಗಳಲ್ಲಿಯೂ ನಮ್ಮ ಪ್ರಾಚೀನ ವೈದ್ಯರು ಹೆಡೆಯುಳ್ಳ ದರ್ವೀಕರ, ಮೈಮೇಲೆ ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ಭೇದವೆಣಿಸಿದ್ದರು. ಈ ಬಗೆಯ ಪರಂಪರೆಯನ್ನು ಸಂಸ್ಕೃತ ಬಲ್ಲ ಪಂಡಿತರಿಗಷ್ಟೇ ಬಿಡದೆ, ಬಾಯಿಪಾಠಕ್ಕೆ ಒದಗುವ ಕನ್ನಡ ಪದ್ಯಗಳಲ್ಲಿ ಇಳಿಸಿದುದು ಮಂಗರಾಜನ ಹಿರಿಮೆ. ಆರು ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದುಬಂದ ಗ್ರಂಥವನ್ನು 1942ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯವು ಅಚ್ಚು ಹಾಕಿಸಿತು.

ಆಫ್ರಿಕದಲ್ಲಿ ಎರಡು ಮೂರು ಮೀಟರು ದೂರದಿಂದ ಶತ್ರುವಿನ ಕಣ್ಣಿಗೆ ಗುರಿಯಿಟ್ಟು ವಿಷವನ್ನು ಚಿಮ್ಮುವ ನಾಗಗಳುಂಟು. ಮಂಗರಾಜನು ಬಲ್ಲ ನಾಡಿನಲ್ಲಿ ಅಂತಹವು ಇಲ್ಲ. ಗದಗು, ಶಿರಹಟ್ಟಿಗಳ ಎರೆಹೊಲಗಳಲ್ಲಿ ದುಡಿಯುವವರಿಗೆ ಭಯವಿರುವುದು ಕಚ್ಚುವ ನಾಗರಹಾವು, ಕಟ್ಟುಹಾವು, ಮಂಡಲದ ಹಾವುಗಳಿಂದ. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡವು ಕಣ್ಣೆದುರಿಗೇ ಇರುವುದರಿಂದ, ಬೇರು ನಾರಿನಲ್ಲಿಯೇ ಪರಿಹಾರವನ್ನು ಹುಡುಕುವ ರೂಢಿ ಇಲ್ಲಿ ಬಲವಾಗಿದೆ.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಆ ಪುಸ್ತಕದಿಂದ ಅಜ್ಜ ಉಳಿಯುತ್ತಿರಲಿಲ್ಲ. ನೆತ್ತರಿಗೆ ಸೇರಿದ ವಿಷವನ್ನು ತಡೆಯುವ ನಿಶ್ಚಿತ ಮದ್ದು 1890ರ ದಶಕದಲ್ಲಷ್ಟೇ ಹುಟ್ಟಿತು. ಫ್ರೆಂಚ್ ವೈದ್ಯ ಆಲ್ಬೆರ್ ಕಾಲ್ಮೆತ್ತನು ಪ್ರಾಣಿಗಳಿಗೆ ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಚುಚ್ಚಿ, ಅವುಗಳ ರಕ್ತದಲ್ಲಿ ಬೆಳೆದ ನಿರೋಧಶಕ್ತಿಯಿಂದ ಅದನ್ನು ಸಿದ್ಧಪಡಿಸಿದನು. ಇಂದು ಅದು ಆಸ್ಪತ್ರೆಯಲ್ಲಿ ದೊರೆಯುತ್ತದೆ. ಅಲ್ಲಿಗೆ ಬೇಗ ಮುಟ್ಟುವುದರಲ್ಲಿಯೇ ಜೀವವಿದೆ.

ಹಾಗಾದರೆ ಮಂಗರಾಜನನ್ನು ಓದುವುದೇಕೆ? ತನ್ನ ಕಾಲಕ್ಕೆ ದೊರೆತ ಅತ್ಯುತ್ತಮ ತಿಳಿವಳಿಕೆಯನ್ನು ತನ್ನ ಜನರ ಮಾತಿನಲ್ಲಿ ಹೇಳುವುದು ಕವಿಯ ಕರ್ತವ್ಯವೆಂದು ಆತನು ನಂಬಿದನು. ನಮ್ಮ ಕಾಲದ ತಿಳಿವಳಿಕೆಯನ್ನು ನಾವು ಕನ್ನಡದಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿದರೆ ಅದೇ ಆತನಿಗೆ ಸಲ್ಲಿಸುವ ಗೌರವ. ಆ ಅಜ್ಜನಿಗೆ ಇಲ್ಲದೆ ಹೋದುದು ಅದೊಂದೇ.